ಬುತ್ತಿಗಂಟು

ಮಗ ಪರಸ್ಥಳಕ್ಕೆ ಹೊರಟಾಗ ತಾಯಿ ಬುತ್ತಿ ಕಟ್ಟಿಕೊಡುವುದು ನಮ್ಮ ಮನೆಗಳ ರೂಢಿ. ಗಂಟಿಗೆ ಸೇರಿದ್ದು ಅವನೊಡನೆ ಹೋಗುತ್ತದೆ; ನೆಲುವಿನ ಮೇಲಿದ್ದದ್ದು ಅಲ್ಲೇ ಉಳಿಯುತ್ತದೆ. ಗಣಕಯಂತ್ರದೊಳಗೂ ಇಂಥ ಬುತ್ತಿಯುಂಟೆಂದರೆ ಓದುಗರು ನಗಬಹುದು.

ಮೊನ್ನೆ ರಾತ್ರಿ ಹನ್ನೊಂದು ಹೊಡೆದರೂ ನನ್ನ ಸೋದರಳಿಯ ಯಂತ್ರದ ಮುಂದಿನಿಂದ ಏಳಲಿಲ್ಲ. ಬೆಳಗ್ಗೆ ಕೆಲಸ ಒಪ್ಪಿಸಬೇಕಾಗಿತ್ತು. “ಮಾವ, ಹೆಸರಿಟ್ಟು ಬೆಲೆ ಕೊಟ್ಟಿದ್ದೇನೆ. ನನಗೆ ಕಾಣುತ್ತದೆ, ಪ್ರೋಗ್ರಾಮಿಗೆ ಮಾತ್ರ ಕಾಣದು!” ಎಂದು ಅವನ ಗೋಳು.

ವಿಷಯವಿಷ್ಟೆ. ನಮ್ಮ ಅಪ್ಪಣೆಗಳನ್ನು ಕೇಳಿ ಪ್ರೋಗ್ರಾಮುಗಳನ್ನು ನಡೆಸುವ ಕಾರಭಾರಿಗೆ ‘ಷೆಲ್’ ಎಂದು ಹೆಸರು. ಯಂತ್ರದ ತಿರುಳನ್ನು ಚಿಪ್ಪಿನಂತೆ ಸುತ್ತಿಕೊಂಡಿರುವುದರಿಂದ ಆ ಹೆಸರು. ಒಂದು ಹೆಸರಿಗೆ ಒಂದು ಬೆಲೆಯನ್ನು ಕೊಟ್ಟರೆ ಷೆಲ್ ಅದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ‘ಎಕ್ಸ್‌ಪೋರ್ಟ್’ ಎಂದು ಅಪ್ಪಣೆ ಮಾಡಿದಾಗಲೇ ಅದು ‘ಎನ್ವಿರಾನ್‌ಮೆಂಟ್’ ಎಂಬ ಬುತ್ತಿಗಂಟಿಗೆ ಸೇರಿ, ಆಮೇಲೆ ಹುಟ್ಟುವ ಪ್ರೋಗ್ರಾಮುಗಳಿಗೆಲ್ಲ ತಲಪುತ್ತದೆ. ತಲಪುವುದು ಪ್ರತಿ ಮಾತ್ರ. ಮಗು ಅದನ್ನು ಬದಲಿಸಿಕೊಂಡರೂ ತಾಯಿಯ ಬಳಿಯಿರುವುದು ಬದಲಾಗದು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ, ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಬೋರ್ನ್ ರಚಿಸಿದ ಷೆಲ್ಲಿನೊಡನೆ ಈ ಪದ್ಧತಿ ಬಂದಿತು.

ಆದರೆ ಬುತ್ತಿ ಕಟ್ಟಿದ ಕೈ ಯಾರದು? ‘ಬ್ಯಾಷ್’ ಎಂಬ ಷೆಲ್ಲಿಗೆ ಬೆಲೆಗಳನ್ನಷ್ಟೇ ಅಲ್ಲದೆ, ಪುಟ್ಟ ಕಾರ್ಯವಿಧಾನಗಳನ್ನೂ ಗಂಟಿನಲ್ಲಿ ಕಳುಹಿಸುವ ಅಭ್ಯಾಸವಿತ್ತು. ಗಂಟು ಬಿಚ್ಚುವಾಗ, ಆ ವಿಧಾನದ ಬಾಲಕ್ಕೆ ಯಾರಾದರೂ ಬೇರೆ ಅಪ್ಪಣೆ ಅಂಟಿಸಿದ್ದರೆ ಅದನ್ನೂ ವಿಚಾರಿಸದೆ ನಡೆಸಿಬಿಡುತ್ತಿತ್ತು. ಹಲವು ಜಾಲತಾಣಗಳ ಯಂತ್ರಗಳಾದರೋ, ಅಪರಿಚಿತ ಸಂದರ್ಶಕರು ಕಳುಹಿಸಿದ ಮಾತುಗಳನ್ನೇ ಗಂಟಿಗೆ ತುಂಬಿ ಬ್ಯಾಷನ್ನು ಕರೆಯುತ್ತಿದ್ದವು. 1989ರಿಂದ ಅಡಗಿದ್ದ ಈ ದೋಷ 2014ರ ಸೆಪ್ಟೆಂಬರ್ 24ರಂದು ಬಯಲಾಯಿತು. ಜನ ಅದನ್ನು ‘ಷೆಲ್‌ಶಾಕ್’ ಎಂದರು. ಬಹುಬೇಗ ದುಷ್ಕರ್ಮಿಗಳು ಅದನ್ನು ಬಳಸತೊಡಗಿದರು. ಹಾಕಿದ ಮೊದಲ ತೇಪೆಯೂ ಸಾಲದೆ ಮತ್ತೆ ತೇಪೆ ಹಾಕಬೇಕಾಯಿತು. ಇಪ್ಪತ್ತೈದು ವರ್ಷ ಯಾರೂ ಗಂಟಿನೊಳಗೆ ಇಣುಕಿ ನೋಡಿರಲಿಲ್ಲ!

ಇನ್ನೊಂದು ಎಚ್ಚರಿಕೆಯೂ ಬೇಕು. ಗುಪ್ತಪದವನ್ನು ಎಕ್ಸ್‌ಪೋರ್ಟ್ ಮಾಡಿಟ್ಟರೆ ಅದು ಮಕ್ಕಳಿಗಷ್ಟೇ ಅಲ್ಲ, ಸಾಮಾನ್ಯವಾಗಿ ಮೊಮ್ಮಕ್ಕಳಿಗೂ ಹಂಚಿಹೋಗುತ್ತದೆ. ಒಬ್ಬನಿಗೇ ಬೇಕಾದದ್ದನ್ನು ಅವನೊಬ್ಬನ ಅಪ್ಪಣೆಯ ಮುಂದೆಯೇ ಬರೆದುಕೊಟ್ಟರೆ ಉಳಿದವರಿಗೆ ಅದು ತಲಪದು.

ಅಳಿಯನಿಗೆ ಇಷ್ಟು ಪುರಾಣ ಹೇಳುವ ಹೊತ್ತಾಗಿರಲಿಲ್ಲ. ಸಾಲಿನ ಮುಂದೆ ಒಂದೇ ಪದ ಸೇರಿಸೆಂದೆ. ಸೇರಿಸಿದ, ಪ್ರೋಗ್ರಾಮು ಉತ್ತರ ಕೊಟ್ಟಿತು. “ಇಷ್ಟೇನಾ ಮಾವ!” ಎಂದವನು ದೀಪ ಆರಿಸಿ ಮಲಗಿದ. ಬೆಳಗ್ಗೆ ನನ್ನ ತಂಗಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಮಾತ್ರ ಮೇಜಿನ ಮೇಲೆಯೇ ಮರೆತು ಹೋದ.