ಜಾಕಿಯ ಕೆಳಗೆ ಕೆಂಪು ಮಣ್ಣು

ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೆ ಹೋಗುವಾಗ, ಇಲ್ಲವೇ ಕೆ.ಜಿ.ಎಫ್.ನ ಹಳೆಯ ಬೀದಿಗಳಲ್ಲಿ ನಡೆಯುವಾಗ, ಟಾರ್ಪಾಲು ಹೊದ್ದು ನಿಂತ ಅಂಬಾಸಡರ್ ಕಾರೊಂದು ಈಗಲೂ ಕಣ್ಣಿಗೆ ಬೀಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು 1950ರ ದಶಕದ ಕೊನೆಯಲ್ಲಿ ಹುಟ್ಟಿದ ಈ ಕಾರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಆದರೆ ಅಜ್ಜ ಕೊಂಡ ಕಾರನ್ನು ಗುಜರಿಗೆ ಹಾಕಲು ಮೊಮ್ಮಕ್ಕಳಿಗೆ ಮನಸ್ಸು ಬಾರದು. ಆಯುಧಪೂಜೆಗೆ ಅದಕ್ಕೂ ಕುಂಬಳಕಾಯಿ ಒಡೆಯಬೇಕು, ಚಕ್ರದಡಿಗೆ ನಿಂಬೆಹಣ್ಣು ಇಡಬೇಕು.

ಈ ಸೀಮೆಯಲ್ಲಿ ಕೈಕೆಲಸ ಬಲ್ಲವರಿಗೆ ಕೊರತೆಯಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿ ಮತ್ತು ಅದರ ಪಕ್ಕದಲ್ಲೇ ಬೆಳೆದ ಬೆಮೆಲ್ ಕಾರ್ಖಾನೆ ತಲೆಮಾರುಗಟ್ಟಲೆ ಜನರ ಕೈಗೆ ಸ್ಪ್ಯಾನರ್ ಕೊಟ್ಟಿವೆ. ಹಾಗಾಗಿ ಭಾನುವಾರ ಬೆಳಿಗ್ಗೆ ತಂದೆ ಲುಂಗಿ ಕಟ್ಟಿ ಕಾರಿನಡಿ ತೂರುವುದು, ಮಗನೋ ಮಗಳೋ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಟಾರ್ಚು ಹಿಡಿಯುವುದು ಅಪರೂಪದ ದೃಶ್ಯವೇನಲ್ಲ. ಮಕ್ಕಳು ಯಂತ್ರವನ್ನು ಬಿಚ್ಚಿ ನೋಡುವುದು ಒಳ್ಳೆಯದೇ. ಪಾಠದ ಪುಸ್ತಕದಲ್ಲಿ ಓದಿದ ಪ್ಯಾಸ್ಕಲನ ನಿಯಮ ಅಲ್ಲಿ ಎಣ್ಣೆ ಮೆತ್ತಿಕೊಂಡು ಕೈಗೆ ಸಿಗುತ್ತದೆ. ಆದರೆ ಅದೇ ಪುಸ್ತಕದ ಇನ್ನೂ ಕೆಲವು ನಿಯಮಗಳು ಆ ಕಾರಿನಡಿಯಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ.

ಮೊದಲು ಜಾಕಿಯನ್ನೇ ನೋಡೋಣ. ಅಂಬಾಸಡರ್ ಕಾರಿನ ತೂಕ ಸುಮಾರು 1,100 ಕಿಲೋ. ಎಂಜಿನ್ ಇರುವ ಮುಂಭಾಗದ ಒಂದು ಮೂಲೆಯನ್ನು ಎತ್ತಿದರೆ ಜಾಕಿಯ ಮೇಲೆ ಹೆಚ್ಚುಕಡಿಮೆ 300 ಕಿಲೋ ಭಾರ ಬೀಳುತ್ತದೆ. ಜಾಕಿಯ ತಳ ಅಂಗೈಯಷ್ಟು, ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರ್ ನೆಲದ ಮೇಲೆ 3 ಕಿಲೋ ಭಾರ. ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. 24 ಪೌಂಡ್ ಗಾಳಿ ತುಂಬಿದ್ದರೆ ಅದು ಚದರ ಸೆಂಟಿಮೀಟರಿಗೆ 1.7 ಕಿಲೋ ಮಾತ್ರ. ಟೈರಿನಡಿ ಗಟ್ಟಿಯಾಗಿ ಕಾಣುವ ಅಂಗಳ ಜಾಕಿಯಡಿ ಕುಸಿಯುವುದು ಇದೇ ಕಾರಣಕ್ಕೆ. ಕೋಲಾರದ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ, ಒಂದು ಮಳೆ ಬಿದ್ದರೆ ಹಿಟ್ಟಿನಂತೆ. ಅದೇ ಜಾಕಿಯ ಕೆಳಗೆ ಒಂದು ಅಡಿ ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮನೆಯ ಮಕ್ಕಳೇ ಲೆಕ್ಕ ಹಾಕಿ ತಂದೆಗೆ ತೋರಿಸಬಹುದು.

ನೆಲ ಕುಸಿಯದಿದ್ದರೂ ಜಾಕಿ ವಾಲಬಹುದು. 30 ಸೆಂಟಿಮೀಟರ್ ಎತ್ತರಕ್ಕೆ ಏರಿದ ಜಾಕಿಯ ತಳ 10 ಸೆಂಟಿಮೀಟರ್ ಅಗಲವಿದ್ದರೆ, ಅದರ ತುದಿ ಬರೀ 5 ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಭಾರದ ರೇಖೆ ತಳದಿಂದ ಹೊರಬೀಳುತ್ತದೆ. ತುಕ್ಕು ಹಿಡಿದ ನಟ್ಟನ್ನು ಜಗ್ಗಿ ತಿರುಗಿಸುವಾಗ ಕಾರು ಅಷ್ಟು ಅಲುಗುವುದು ದೊಡ್ಡ ಮಾತಲ್ಲ. ಹ್ಯಾಂಡ್‌ಬ್ರೇಕ್ ಹಾಕಿದೆ ಎಂಬ ಧೈರ್ಯವೂ ಪೂರ್ತಿ ನಿಜವಲ್ಲ. ಈ ಹಳೆಯ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂಭಾಗವನ್ನೇ ಎತ್ತಿದ ಮೇಲೆ ಅದು ಹಿಡಿಯುವುದು ಗಾಳಿಯನ್ನು! ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಲೇಬೇಕು.

ಇನ್ನು ಕೆಲವರು ಜಾಕಿಯನ್ನು ನಂಬದೆ ಇಟ್ಟಿಗೆಯ ಅಟ್ಟಿ ಪೇರಿಸುತ್ತಾರೆ. ಇಟ್ಟಿಗೆ ಕಬ್ಬಿಣದಂತೆ ಬಾಗಿ ಮುನ್ಸೂಚನೆ ಕೊಡುವ ವಸ್ತುವಲ್ಲ. ಒಂದು ಕ್ಷಣ ಇಡಿಯಾಗಿರುತ್ತದೆ, ಮರುಕ್ಷಣ ಪುಡಿಯಾಗಿರುತ್ತದೆ. ಜಾಕಿ ಇರುವುದು ಸ್ಟೆಪ್ನಿ ಬದಲಿಸುವಷ್ಟು ಹೊತ್ತಿಗೆ. ಅಡಿಗೆ ಹೋಗಬೇಕಾದರೆ ಮೂರು ನಾಲ್ಕು ಕಾಲಿನ ಉಕ್ಕಿನ ಸ್ಟ್ಯಾಂಡು ಬೇಕು. ಎದೆಯ ಮೇಲೆ ಮುನ್ನೂರು ಕಿಲೋ ಕುಳಿತರೆ ಪಕ್ಕೆಲುಬು ಮುರಿಯದಿದ್ದರೂ ಉಸಿರು ಒಳಗೆ ಎಳೆಯಲಾಗುವುದಿಲ್ಲ. ಆಮೇಲೆ ಉಳಿಯುವುದು ಕೆಲವೇ ನಿಮಿಷ, ಮತ್ತು ಟಾರ್ಚು ಹಿಡಿದ ಮಗುವಿನಿಂದ ಆ ಕಾರನ್ನು ಎತ್ತಲಾಗದು.

ರೇಡಿಯೇಟರಿನ ಮುಚ್ಚಳದ ವಿಷಯವನ್ನು ಮನೆಯ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಕುಕ್ಕರಿನ ಒತ್ತಡ ಇಳಿಯುವ ಮುನ್ನ ಮುಚ್ಚಳ ತೆಗೆಯುವ ಗೃಹಿಣಿ ಯಾರೂ ಇಲ್ಲ. ಅದೇ ಮನೆಯ ಯಜಮಾನರು ಮಾತ್ರ ಹಳೆ ಬಟ್ಟೆ ಸುತ್ತಿಕೊಂಡು ಬಿಸಿ ರೇಡಿಯೇಟರನ್ನು ತಿರುಗಿಸಲು ನಿಲ್ಲುತ್ತಾರೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒತ್ತಡದಲ್ಲಿ 110 ಡಿಗ್ರಿಯವರೆಗೂ ಕುದಿಯದೆ ತಡೆದುಕೊಂಡಿದ್ದ ನೀರು, ಒತ್ತಡ ತಪ್ಪಿದೊಡನೆ 97ಕ್ಕೆ ಇಳಿಯಲೇಬೇಕು. ಆ 13 ಡಿಗ್ರಿಯ ಶಾಖ ಒಂದಷ್ಟು ನೀರನ್ನು ಆವಿಯಾಗಿಸುತ್ತದೆ. ಒಂದು ಲೀಟರಿನಲ್ಲಿ ಆವಿಯಾಗುವುದು ಸುಮಾರು 24 ಗ್ರಾಂ, ಒಂದೂವರೆ ಚಮಚದಷ್ಟು. ಆದರೆ ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಅಂದರೆ ಲೀಟರಿಗೆ 40 ಲೀಟರ್ ಆವಿ. ಐದು ಲೀಟರಿಗೆ 200 ಲೀಟರ್. ಅದು ಕುದಿನೀರನ್ನು ಹೊತ್ತುಕೊಂಡು ಮುಖದ ಮೇಲೇ ಬರುತ್ತದೆ. ಎಂಜಿನ್ ನಿಲ್ಲಿಸಿ, ಮೇಲಿನ ಹೋಸು ಕೈಗೆ ತಣ್ಣಗೆ ತಾಗುವವರೆಗೆ ಕಾಯುವುದಕ್ಕೆ ಖರ್ಚಿಲ್ಲ.

ಬ್ಯಾಟರಿಯದು ಇನ್ನೊಂದು ಬಗೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದು ಸರಿ. ಆದರೆ ಸ್ಪ್ಯಾನರು ಎರಡು ಟರ್ಮಿನಲ್‌ಗಳ ನಡುವೆ ಬಿದ್ದರೆ ನೂರಾರು ಆಂಪೇರ್ ಹರಿದು ಕಬ್ಬಿಣ ಕೆಂಡವಾಗುತ್ತದೆ. ನಡುವೆ ಉಂಗುರವೋ ಗಡಿಯಾರದ ಸರಪಳಿಯೋ ಸಿಕ್ಕಿದರೆ ಮುಗಿಯಿತು. ಚಾರ್ಜು ಆಗುವಾಗ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯಬಲ್ಲದು, ಜೊತೆಗೆ ಆಮ್ಲವನ್ನೂ ಸಿಡಿಸಬಲ್ಲದು. ಬಿಚ್ಚುವಾಗ ಕಾರಿನ ಬಾಡಿಗೆ ಸೇರಿದ ತಂತಿಯನ್ನು ಮೊದಲು, ಜೋಡಿಸುವಾಗ ಅದನ್ನೇ ಕೊನೆಗೆ.

ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಿ ನೋಡುವ ಅಭ್ಯಾಸವೂ ಉಂಟು. ಕಾರ್ಬ್ಯುರೇಟರ್ ಇರುವ ಹಳೆಯ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಈ ಅನಿಲಕ್ಕಾಗಿಯೇ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರವರೆಗೂ ಕೆನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದರು. ಶೆಡ್ಡಿನಲ್ಲಿ ಹಕ್ಕಿ ಇರುವುದಿಲ್ಲ, ತಲೆನೋವು ಬರುತ್ತದೆ ಅಷ್ಟೆ. ಅದನ್ನು ಬಿಸಿಲಿನ ತಲೆನೋವೆಂದು ತಿಳಿಯುವವರೇ ಹೆಚ್ಚು. ಹಾಗೆಯೇ ಬ್ರೇಕಿನ ಡ್ರಮ್ಮು ಬಿಚ್ಚಿ ಧೂಳನ್ನು ಬಾಯಿಂದ ಊದುವುದು. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ಆದ ಗಣಿ ಕಾರ್ಮಿಕರನ್ನು ಕಂಡ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಇಷ್ಟೂ ಅಪಾಯ ಕೆಲಸ ಮಾಡುವವರಿಗೆ. ಬ್ರೇಕಿನ ಕೆಲಸ ಕೆಟ್ಟರೆ ಅಪಾಯ ಹಿಂದಿನ ಸೀಟಿನಲ್ಲಿ ಕುಳಿತವರಿಗೆ, ದಾರಿಯಲ್ಲಿ ಎದುರಾಗುವವರಿಗೆ. ಪೆಡಲು ಒತ್ತಿದ ಬಲವನ್ನು ನಾಲ್ಕು ಚಕ್ರಗಳಿಗೂ ಮುಟ್ಟಿಸುವುದು ಕೊಳವೆಯೊಳಗಿನ ದ್ರವ. ದ್ರವ ಕುಗ್ಗುವುದಿಲ್ಲ, ಅದಕ್ಕೇ ಪ್ಯಾಸ್ಕಲನ ನಿಯಮ ಅಲ್ಲಿ ನಡೆಯುತ್ತದೆ. ಕೆಲಸದ ನಡುವೆ ಒಂದು ಗುಳ್ಳೆ ಗಾಳಿ ಒಳಸೇರಿದರೆ ಪೆಡಲು ಕುಗ್ಗಿಸುವುದು ಆ ಗುಳ್ಳೆಯನ್ನು. ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವೂ ಇದೆ. ಡಾಟ್-3 ದರ್ಜೆಯ ಹೊಸ ದ್ರವ 205 ಡಿಗ್ರಿಗಿಂತ ಮೊದಲು ಕುದಿಯಬಾರದು. ತೇವ ಹೀರಿದ ಮೇಲೆ ಅದಕ್ಕೆ ಹಾಕಿರುವ ಮಿತಿ 140 ಡಿಗ್ರಿ. ಮುಚ್ಚಳ ತೆರೆದು ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಡಬ್ಬಿಯನ್ನು ಸುರಿದರೆ, ಅಂಗಳದಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ. ನಂದಿ ಬೆಟ್ಟ ಇಳಿಯುವಾಗ, ಡ್ರಮ್ಮು ಕಾದ ಮೇಲೆ, ಕೈಕೊಡುತ್ತದೆ. ಇನ್ನು ಎಣ್ಣೆ ಎಣ್ಣೆಯೇ ಅಲ್ಲವೆ ಎಂದು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರು ಊದಿಕೊಂಡು ಹಾಳಾಗುತ್ತದೆ.

ಗಾಳಿಯ ಫಿಲ್ಟರು, ಸ್ಪಾರ್ಕ್ ಪ್ಲಗ್ಗು, ವೈಪರು, ಟೈರಿನ ಗಾಳಿ, ಬ್ಯಾಟರಿಯ ಡಿಸ್ಟಿಲ್ಡ್ ವಾಟರ್, ಇವೆಲ್ಲ ಮನೆಯಲ್ಲಿ ಧಾರಾಳವಾಗಿ ಆಗಬಹುದಾದ ಕೆಲಸ. ಬ್ರೇಕು, ಸ್ಟಿಯರಿಂಗು, ಪೆಟ್ರೋಲ್ ಟ್ಯಾಂಕಿನ ಬೆಸುಗೆ ಇವನ್ನು ಬಲ್ಲ ಮೆಕ್ಯಾನಿಕ್ಕಿಗೆ ಬಿಟ್ಟು, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸುವುದು ಮೇಲು.

ಮೆಕ್ಯಾನಿಕ್ ಕೆಲಸ ಮುಗಿಸಿಕೊಟ್ಟ ಮೇಲೂ ಕಾರನ್ನು ಅಂಗಳದಿಂದ ಹೊರಡಿಸುವ ಮುನ್ನ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿದುಕೊಳ್ಳಬೇಕು. ಮಗುವಿನ ಕೈಗೆ ಗಡಿಯಾರ ಕೊಡಬಹುದು. ಕಾಲಿನ ಕೆಳಗೆ ಪೆಡಲು ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಉಳಿದಿದೆ. ಎರಡರಲ್ಲಿ ಯಾವುದಿದ್ದರೂ ಅಂದು ಕಾಮಸಮುದ್ರದಿಂದ ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗುವುದು.