ನವರಂಗಕ್ಕೂ ಒಂದು ಪಾಲು ತರಗೆಲೆ

ಮಳೆಗಾಲ ಕಳೆದು ಅಡಿಕೆ ಕೊಯ್ಲಿನ ದಿನಗಳು ಹತ್ತಿರವಾಗುವಾಗ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹಾಡಿಗಳಿಗೆ ನವರಂಗ ಹಕ್ಕಿ ಬರುತ್ತದೆ. ಹಿಮಾಲಯದ ತಪ್ಪಲಿನಲ್ಲೂ ಮಧ್ಯಭಾರತದಲ್ಲೂ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ಹಕ್ಕಿಯಿದು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಮೋಟು ಬಾಲದಡಿ ಕೆಂಪು. ಇಷ್ಟು ಬಣ್ಣವಿದ್ದರೂ ನೆರಳಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಮುಂಜಾನೆ, ಮುಸ್ಸಂಜೆಯ ಎರಡು ಸ್ವರದ ಸಿಳ್ಳೆಯೇ ಅದರ ಗುರುತು. ತಮಿಳರು ಇದನ್ನು ‘ಆರು ಗಂಟೆಯ ಹಕ್ಕಿ’ ಎನ್ನುತ್ತಾರೆ.

ತರಗೆಲೆ ಮಗುಚಿ ಹುಳುಹುಪ್ಪಟೆ ಹೆಕ್ಕುವುದೇ ಇದರ ಜೀವನ. ಆ ತರಗೆಲೆ ನಮ್ಮ ತೋಟದ ಗೊಬ್ಬರವೂ ಹೌದು. ತರಲೇಬೇಡಿ ಎಂದರೆ ಅದು ಬೆಳೆಗಾರರ ಮಾತಾಗದು. ಆದರೆ ಇಡೀ ಹಾಡಿಯನ್ನು ಒಂದೇ ಸಲ ಗುಡಿಸಿ, ಉಳಿದದ್ದಕ್ಕೆ ಬೆಂಕಿ ಕೊಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹೊದಿಕೆ ಹೋದ ನೆಲದ ಮೇಲ್ಮಣ್ಣು ಮಳೆಗೆ ತೋಡು ಸೇರುತ್ತದೆ, ಬೇಸಗೆಯಲ್ಲಿ ತೇವ ಬೇಗ ಆರುತ್ತದೆ. ನಷ್ಟ ಹಕ್ಕಿಗೊಂದಕ್ಕೇ ಅಲ್ಲ.

ಹಾಡಿಯನ್ನು ಮೂರು ಪಾಲು ಮಾಡಿ, ಸರದಿಯಂತೆ ವರ್ಷಕ್ಕೊಂದು ಪಾಲನ್ನು ಮುಟ್ಟದೆ ಬಿಡೋಣ. ತೋಡಿನ ಬದಿಯ ಪೊದೆಗಳನ್ನು ಉಳಿಸೋಣ. ದೂರದಿಂದ ಹಾರಿ ಬಳಲಿದ ನವರಂಗ ಮನೆಯಂಗಳಕ್ಕೆ ಬಿದ್ದರೆ, ಬೆಕ್ಕು ನಾಯಿಗೆ ಸಿಗದಂತೆ ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಚೇತರಿಸಿಕೊಂಡ ಮೇಲೆ ಪೊದೆಯ ಬಳಿ ಬಿಡೋಣ. ಈ ಸಲ ತರಗೆಲೆ ಒಟ್ಟುಮಾಡುವ ಮೊದಲು ಸದಸ್ಯರು ಯೋಚಿಸಬೇಕಾಗಿ ವಿನಂತಿ.