‘ಊಟ ಆಯ್ತಾ?’ ಅಂತ ಕೇಳಿದರೆ ಸಾಲದು

ಕಾಲೇಜಿಗೆಂದು ಮಕ್ಕಳನ್ನು ದೂರದ ಊರಿಗೆ ಕಳಿಸಿದ ಅಮ್ಮಂದಿರೆಲ್ಲ ರಾತ್ರಿ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು ಹೇಳಿ? ‘ಊಟ ಆಯ್ತಾ?’ ಆ ಕಡೆಯಿಂದ ಬರುವ ಉತ್ತರವೂ ಒಂದೇ. ‘ಹೂಂ, ಆಯ್ತಮ್ಮಾ.’ ಅಷ್ಟು ಕೇಳಿದರೆ ನಮಗೆ ಸಮಾಧಾನ. ದೀಪ ಆರಿಸಿ ಮಲಗುತ್ತೇವೆ. ಆದರೆ ಆ ‘ಆಯ್ತು’ ಅನ್ನೋ ಮಾತಿನಲ್ಲಿ ಎರಡು ಬಿಸ್ಕತ್ತು, ಅರ್ಧ ಲೋಟ ಟೀ ಮಾತ್ರ ಇದ್ದರೆ?

ಲೆಕ್ಕ ಹಾಕಿ ನೋಡಿ. ಕಾಲೇಜು ಫೀಸು ಕಟ್ಟಿದ್ದೀರಿ, ಪಿ.ಜಿ. ಅಡ್ವಾನ್ಸ್ ಕೊಟ್ಟಿದ್ದೀರಿ, ಸಾಲ ಮಾಡಿಯಾದರೂ ಲ್ಯಾಪ್‌ಟಾಪ್ ಕೊಡಿಸಿದ್ದೀರಿ. ಉಳಿದದ್ದಕ್ಕೆಲ್ಲ ಸೇರಿಸಿ ‘ಕೈಖರ್ಚಿಗೆ’ ಅಂತ ಒಂದು ಮೊತ್ತ. ಅದರಲ್ಲೇ ಬಸ್ಸು, ಜೆರಾಕ್ಸು, ಮೊಬೈಲ್ ರೀಚಾರ್ಜು, ಸೋಪು, ಗೆಳತಿಯ ಬರ್ತ್‌ಡೇ ಎಲ್ಲವೂ ಆಗಬೇಕು. ಬಸ್ಸಿನವನು ಅರ್ಧ ಚಾರ್ಜಿಗೆ ಕೂರಿಸಿಕೊಳ್ಳುವುದಿಲ್ಲ, ರೀಚಾರ್ಜು ಮುಗಿದರೆ ಫೋನ್ ನಿಂತುಹೋಗುತ್ತದೆ. ಕಡಿಮೆ ಮಾಡಿದರೂ ಯಾರಿಗೂ ಗೊತ್ತಾಗದ ಖರ್ಚು ಒಂದೇ, ಊಟ! ಹಾಗಾಗಿ ದುಡ್ಡು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಹೊಟ್ಟೆಗೆ.

‘ಪಿ.ಜಿ.ಯಲ್ಲಿ ಊಟ ಇದೆಯಲ್ಲ’ ಅಂತೀರಾ? ಸಾಮಾನ್ಯವಾಗಿ ಅಲ್ಲಿ ಸಿಗುವುದು ಬೆಳಗಿನ ತಿಂಡಿ, ರಾತ್ರಿ ಊಟ. ಎಂಟು ಗಂಟೆಗೆ ಕ್ಲಾಸಿದ್ದರೆ ತಿಂಡಿ ತಪ್ಪುತ್ತದೆ. ಮಧ್ಯಾಹ್ನದ ಊಟ ಅವರವರ ಪಾಡು. ಮೊದಲು ಕ್ಯಾಂಟೀನ್ ಊಟ, ಆಮೇಲೆ ಪಫ್ಸು, ತಿಂಗಳ ಕೊನೆಗೆ ಬರೀ ಟೀ. ಮನೆಗೆ ಬಂದಾಗ ‘ಸಣ್ಣ ಆಗಿದ್ದೀಯಲ್ಲೇ’ ಅಂತ ನಾವು ಖುಷಿಪಟ್ಟರೂ ಪಟ್ಟೆವು!

ಮಕ್ಕಳು ಇದನ್ನೆಲ್ಲ ಹೇಳುವುದಿಲ್ಲ. ಅಪ್ಪ ಕಟ್ಟುತ್ತಿರುವ ಸಾಲದ ಕಂತು ಅವರಿಗೂ ಗೊತ್ತು. ಜೊತೆಗೆ ನಮ್ಮ ಬಾಯಿಂದ ಬರುವ ‘ಮೊನ್ನೆ ತಾನೇ ಹಾಕಿದ್ದೆನಲ್ಲ, ಅಷ್ಟು ಬೇಗ ಎಲ್ಲಿ ಹೋಯ್ತು?’ ಅನ್ನೋ ಮಾತಿನ ಹೆದರಿಕೆ. ಆ ಮಾತು ಕೇಳುವುದಕ್ಕಿಂತ ಹಸಿದಿರುವುದೇ ಸುಲಭ ಅನ್ನಿಸಿಬಿಡುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೆ: ಊಟದ ದುಡ್ಡನ್ನು ಕೈಖರ್ಚಿನಿಂದ ಬೇರೆ ಮಾಡಿ. ಕಾಲೇಜಿನ ಹತ್ತಿರ ಒಂದು ಹೊತ್ತು ಹೊಟ್ಟೆ ತುಂಬಲು ಎಷ್ಟಾಗುತ್ತದೆ ಅಂತ ಮಗುವಿನ ಜೊತೆ ಕೂತು ಬರೆಯಿರಿ. ದಿನಕ್ಕೆ 80 ರೂಪಾಯಿ ಅಂದರೆ ವಾರಕ್ಕೆ 560. ತಿಂಗಳಿಗೊಮ್ಮೆ ಕಳಿಸುವ ಬದಲು ಪ್ರತಿ ಸೋಮವಾರ ಕಳಿಸಿ. ಆಗ ಇಪ್ಪತ್ತೈದನೇ ತಾರೀಖಿಗೆ ಕೈ ಖಾಲಿಯಾಗುವ ಸಂಕಟ ಇರುವುದಿಲ್ಲ. ಬೇರೆ ಖರ್ಚಿಗೆ ಬೇಕಾದರೆ ಲೆಕ್ಕ ಕೇಳಿ, ಅನ್ನದ ದುಡ್ಡಿಗೆ ಮಾತ್ರ ಕೇಳಬೇಡಿ. ಫೋನಿನಲ್ಲಿ ‘ಊಟ ಆಯ್ತಾ’ ಅನ್ನುವ ಬದಲು ‘ಮಧ್ಯಾಹ್ನ ಏನು ತಿಂದೆ?’ ಅಂತ ಕೇಳಿ. ಇದಕ್ಕೆ ‘ಹೂಂ’ ಅಂತ ಉತ್ತರ ಕೊಟ್ಟು ತಪ್ಪಿಸಿಕೊಳ್ಳಲಾಗದು.

ಹೊಟ್ಟೆ ತುಂಬಿದರಷ್ಟೇ ಸಾಲದು, ಮೈಗೂ ಹತ್ತಬೇಕು. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ 55 ಕೆ.ಜಿ. ತೂಕದ ಹುಡುಗಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ಬೇಕು. ಕಬ್ಬಿಣದ ಅಂಶ ಹುಡುಗರಿಗೆ 19 ಮಿಲಿಗ್ರಾಂ ಸಾಕಾದರೆ ಹುಡುಗಿಯರಿಗೆ 29 ಬೇಕು. ನೂಡಲ್ಸ್ ಪೊಟ್ಟಣದಿಂದ ಇದು ಬರುವುದಿಲ್ಲ. ಆದರೆ ದುಬಾರಿ ಪ್ರೋಟೀನ್ ಪೌಡರೂ ಬೇಕಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 50 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ. ರಾಗಿ ಹುರಿಹಿಟ್ಟಿಗೆ ಒಲೆಯೇ ಬೇಡ, ಹಾಲು ಬೆಲ್ಲ ಕಲಸಿದರೆ ಆಯಿತು. ಅವಲಕ್ಕಿಗೆ ಮೊಸರು, ನೆನೆಸಿದ ಹೆಸರುಬೇಳೆಗೆ ನಿಂಬೆಹಣ್ಣು ಹಿಂಡಿದರೆ ಕೋಸಂಬರಿ. ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಆ ನಿಂಬೆಯ ಹುಳಿಯೂ ನೆರವಾಗುತ್ತದೆ. ಊಟದ ಬೆನ್ನಿಗೇ ಟೀ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ.

ಊರಿಂದ ಹೊರಡುವಾಗ ಡಬ್ಬಿ ತುಂಬ ಚಕ್ಕುಲಿ, ನಿಪ್ಪಟ್ಟು ಕಟ್ಟಿಕೊಡುತ್ತೇವಲ್ಲ, ರೂಮ್‌ಮೇಟ್‌ಗಳ ಜೊತೆ ಅದು ಎರಡೇ ದಿನಕ್ಕೆ ಮಾಯ. ಅದರ ಜೊತೆ ಒಂದು ಕೆ.ಜಿ. ಹುರಿಹಿಟ್ಟು, ಕಡಲೆಕಾಯಿ ಚಟ್ನಿಪುಡಿ, ಹುರಿಗಡಲೆ ಇಡಿ. ಮಗಳಿಗಷ್ಟೇ ಅಲ್ಲ, ಮಗನಿಗೂ ಅನ್ನ, ಬೇಳೆ, ಒಂದು ಪಲ್ಯ ಮಾಡುವುದನ್ನು ಕಲಿಸಿ ಕಳಿಸಿ. ಇಬ್ಬರು ಮೂವರು ಸೇರಿ ಅಡುಗೆ ಇರುವ ರೂಮು ಮಾಡಿದರೆ ಹೋಟೆಲ್ ಖರ್ಚು ಎಷ್ಟೋ ಉಳಿಯುತ್ತದೆ. ಕಡಿಮೆ ದುಡ್ಡಲ್ಲಿ ಮನೆ ತೂಗಿಸುವ ವಿದ್ಯೆ ನಿಮ್ಮ ಕೈಯಲ್ಲೇ ಇದೆ. ಅದನ್ನೇಕೆ ಅಡುಗೆಮನೆಯೊಳಗೇ ಬಚ್ಚಿಡುತ್ತೀರಿ?

ನಿಜವಾಗಿಯೂ ಕೈ ಸಾಗದಿದ್ದರೆ? ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಲು ಸಂಕೋಚ ಬೇಡ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ ವಸತಿಗೆಂದೇ ‘ವಿದ್ಯಾಸಿರಿ’ ಯೋಜನೆ ಇದೆ. 2013ರಲ್ಲಿ ಶುರುವಾದಾಗ ತಿಂಗಳಿಗೆ 1500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುತ್ತಿದ್ದರು. ಈಗಿನ ಮೊತ್ತವನ್ನು ಕಾಲೇಜಿನ ಆಫೀಸಿನಲ್ಲೇ ವಿಚಾರಿಸಿ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು. ಅಲ್ಲಿ ಕ್ಯೂ ನಿಲ್ಲುವುದು ಅವಮಾನ ಅನ್ನೋ ಭಾವನೆಯನ್ನು ನಾವಂತೂ ಮಕ್ಕಳ ತಲೆಗೆ ತುಂಬಬಾರದು.

ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಅಂತಿತ್ತು. ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಉಂಡು ಓದು ಮುಗಿಸುತ್ತಿದ್ದ. ಅದರಲ್ಲಿ ಜಾತಿಯ ಗೋಡೆಯಿತ್ತು, ಹುಡುಗನಿಗೆ ಮುಜುಗರವೂ ಇತ್ತು. ಅದೆಲ್ಲ ಮತ್ತೆ ಬೇಡ. ಆದರೆ ಓದುವ ಮಗುವಿನ ಹಸಿವು ಊರಿನ ಜವಾಬ್ದಾರಿ ಅನ್ನೋ ಭಾವನೆ ಇತ್ತಲ್ಲ, ಅದು ಬೇಕು. ನಿಮ್ಮ ಬೀದಿಯಲ್ಲೂ ಒಂದು ಪಿ.ಜಿ. ಇದ್ದೀತು. ಭಾನುವಾರ ಸಾರಿಗೆ ಎರಡು ಲೋಟ ನೀರು ಹೆಚ್ಚಿಗೆ ಹಾಕಿ, ಪರಿಚಯದ ಹುಡುಗಿ ಯಾರಾದರೂ ಇದ್ದರೆ ಕರೆಯಿರಿ. ನಿಮ್ಮ ಮಗಳು ಓದುತ್ತಿರುವ ಊರಲ್ಲೂ ಯಾರೋ ಒಬ್ಬರು ಹಾಗೆ ಕರೆಯಲಿ ಅಂತ ನಿಮಗೂ ಆಸೆ ಇರುತ್ತದೆ, ಅಲ್ವಾ?